ಜರಾ ಕೂಡ್ರಿ

ಬೆಂಗಳೂರಿನಲ್ಲಿ ಓದುವ ಮಗಳು ರಜೆಗೆ ಬಂದಿದ್ದಳು. ಅವಳನ್ನು ಕರೆದುಕೊಂಡು ಭಾಲ್ಕಿಯ ತವರಿಗೆ ಹೋದೆ. ಊಟಕ್ಕೆ ಕುಳಿತವಳು, "ಅಜ್ಜಿ, ನೀರು ಕೊಡಿ" ಎಂದಳು. ವ್ಯಾಕರಣ ಸರಿಯಿತ್ತು, ಮರ್ಯಾದೆಯ ಬಹುವಚನವೂ ಇತ್ತು. ಆದರೆ ಅವ್ವ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ ಅಂದಳು: "ಹುಡುಗಿ ತಹಶೀಲ್ದಾರ್ ಆಗ್ಯಾಳೇನವ್ವಾ? ಹುಕುಂ ಮಾಡ್ಲತ್ತಾಳ!"

ಕೊರತೆಯಾದದ್ದು ಒಂದು "ಜರಾ". "ಅಜ್ಜಿ, ಜರಾ ನೀರ್ ಕೊಡು" ಅಂದಿದ್ದರೆ ಸಾಕಿತ್ತು. ಉರ್ದುವಿನ ಈ ಮಾತಿಗೆ ಸ್ವಲ್ಪ ಎಂದರ್ಥ. ನಮಗೆ ತಂಬಿಗೆ ತುಂಬ ನೀರು ಬೇಕಾದರೂ "ಜರಾ" ಬೇಕು. ಅದು ನೀರಿನ ಅಳತೆಯಲ್ಲ, ಕೇಳುವವರ ಸಂಕೋಚದ ಅಳತೆ. ಬಂದವರಿಗೆ "ಜರಾ ಕೂಡ್ರಿ" ಅಂದರೆ ಚಹಾ ಕುಡಿಯದೆ ಏಳುವಂತಿಲ್ಲ. ದನಿ ಏರಿಸಿ "ಜರಾ ನೋಡ್ರಿ ಇವರ್ನ" ಅಂದರೆ ಜಗಳವೇ.

ತಪ್ಪು ಮಗಳದಲ್ಲ. ಬೀದರಿನಲ್ಲಿ ನಾನು ಓದುವಾಗ ಟೀಚರೊಬ್ಬರು "ಜರಾ" ಅಂದರೆ ಅಂಗೈ ಚಾಚಿಸುತ್ತಿದ್ದರು. ಆ ಶಿಸ್ತನ್ನೇ ನಾನು ಮಗಳಿಗೆ ದಾಟಿಸಿದೆ. ಇನ್ನು ನಾಟಕ, ಸಿನಿಮಾದವರು ನಗಿಸಲೆಂದು ಪ್ರತಿ ಮಾತಿಗೂ "ರೀ" ಹಚ್ಚುತ್ತಾರೆ. ಹೆತ್ತವ್ವನಿಗೆ, ಕೂಸಿಗೆ ನಾವು "ರೀ" ಹಚ್ಚುವುದಿಲ್ಲ ಎಂಬುದನ್ನು ಅವರು ಕೇಳಿಸಿಕೊಂಡಿಲ್ಲ.

ಶುದ್ಧ ಕನ್ನಡದ ಹಟಕ್ಕೂ ಕಾರಣವಿದೆ, ಒಪ್ಪುತ್ತೇನೆ. 1948ರವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಕಚೇರಿ, ಶಾಲೆಗಳಲ್ಲಿ ಉರ್ದುವಿನದೇ ಅಧಿಕಾರ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೆ ಹುಕುಮಿನಿಂದ ಬಂದ ಉರ್ದು ಬೇರೆ, ಹಿತ್ತಲ ಗೋಡೆಯಾಚೆ ನಿಂತು ಹೆಪ್ಪಿಗೆ ಮೊಸರು ಕೇಳಿದ ನೆರೆಯಾಕೆಯ ಉರ್ದು ಬೇರೆ. "ಜರಾ" ಬಂದದ್ದು ಈ ಎರಡನೆಯ ದಾರಿಯಲ್ಲಿ. ಔರಾದ್ ಸಂತೆಯಲ್ಲಿ ಬದನೆಕಾಯಿ ಮಾರುವಾಕೆ ನನಗೆ ಕನ್ನಡದಲ್ಲಿ, ಪಕ್ಕದಾಕೆಗೆ ಮರಾಠಿಯಲ್ಲಿ ದರ ಹೇಳುತ್ತಾಳೆ. ಅವಳನ್ನು ಅಶುದ್ಧಳೆನ್ನಲು ಯಾರಿಗೆ ಬಾಯಿ ಬಂದೀತು?

ಸಿಂಗಪುರದಲ್ಲೂ ಇದೇ ಕಥೆ. ಅಲ್ಲಿನವರು ಇಂಗ್ಲಿಷಿಗೆ ಚೀನೀ, ಮಲಯ, ತಮಿಳು ಬೆರೆಸಿ, ವಾಕ್ಯದ ತುದಿಗೆ "ಲಾ" ಸೇರಿಸುತ್ತಾರೆ. 2000ದಲ್ಲಿ ಸರ್ಕಾರ ಒಳ್ಳೆಯ ಇಂಗ್ಲಿಷಿನ ಚಳವಳಿ ಹೂಡಿತು. "ಲಾ" ಹೋಗಲಿಲ್ಲ. ಸಲಿಗೆಯನ್ನು ಹೇಳಲು ಜನಕ್ಕೆ ಬೇರೆ ಮಾತಿರಲಿಲ್ಲ.

ಪರೀಕ್ಷೆಗೆ, ನೌಕರಿಗೆ ಗ್ರಂಥದ ಕನ್ನಡ ಬೇಕು, ಕಲಿಸೋಣ. ಆದರೆ ಅದನ್ನು ಕೊಡುವ ನೆಪದಲ್ಲಿ ಮಕ್ಕಳ ಬಾಯಿಂದ ಇದನ್ನು ಕಸಿಯುವುದು ಬೇಡ. ನಾನು ಕಸಿದೆ, ಮೊಮ್ಮಗಳ ಎದುರು ಅವ್ವ ಈಗ ಅಳೆದು ಮಾತಾಡುತ್ತಾಳೆ.