ರಿಪೇರಿಯೂ ಚರಿತ್ರೆಯೇ

ಹಳೆಯ ಮೆಕ್ಯಾನಿಕಲ್ ಡೈವಿಂಗ್ ವಾಚುಗಳ ಸಂಗ್ರಾಹಕರು ನೆಚ್ಚಿಕೊಂಡಿರುವ ಅಳತೆಗೋಲು ಒಂದೇ: ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದ ಡಯಲ್, ಮುಳ್ಳು, ಬೆಜೆಲ್ (ಗಾಜಿನ ಸುತ್ತಲಿನ ಬಳೆ) ಇಂದಿಗೂ ಅವೇ ಇರಬೇಕು. ಒಂದು ಮುಳ್ಳು ಬದಲಾಗಿದ್ದರೂ ಬೆಲೆ ಇಳಿಯುತ್ತದೆ. ನೀರಿಗಿಳಿಯಲೆಂದೇ ಹುಟ್ಟಿದ ವಾಚಿಗೆ ಈ ಅಳತೆ ಹೊಂದುವುದಿಲ್ಲ. 1953ರ ಬ್ಲಾಂಪೇನ್ ಫಿಫ್ಟಿ ಫ್ಯಾದಮ್ಸ್ ರೂಪುಗೊಂಡದ್ದರ ಹಿಂದೆ ಫ್ರೆಂಚ್ ಸೇನೆಯ ಮುಳುಗುಪಡೆ ಕಟ್ಟಿದ ರೊಬೆರ್ ಮಾಲೂಬಿಯೆ, ಕ್ಲೋದ್ ರಿಫೋ ಅವರ ಬೇಡಿಕೆಯಿತ್ತು. ತಿರುಗುವ ಬೆಜೆಲ್ಲಿನ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿ ಇಳಿದರೆ, ನೀರೊಳಗೆ ಎಷ್ಟು ಹೊತ್ತಾಯಿತೆಂದು ಕತ್ತಲಲ್ಲೂ ಕಾಣಬೇಕು. ಆ ಲೆಕ್ಕ ತಪ್ಪಿದರೆ ಸಿಲಿಂಡರಿನ ಗಾಳಿ ಮುಗಿದು ಜೀವಕ್ಕೇ ಸಂಚಕಾರ. ರೋಲೆಕ್ಸ್ ಸಬ್‌ಮರೀನರ್, 1965ರ ಸೈಕೋ 62ಮಾಸ್ ಕೂಡ ಇದೇ ಕೆಲಸಕ್ಕೆ ಬಂದವು.

ಇಂಥ ವಾಚನ್ನು ನಿಜವಾಗಿ ಬಳಸಿದವರು ಅದನ್ನು ಮತ್ತೆಮತ್ತೆ ಬಿಚ್ಚಿಸಲೇಬೇಕಿತ್ತು. ನೀರು ತಡೆಯುವ ರಬ್ಬರ್ ರಿಂಗು ಗಟ್ಟಿಯಾಗಿ ಬಿರಿಯುತ್ತದೆ, ಉಪ್ಪುನೀರು ಒಳಸೇರಿದರೆ ಮುಳ್ಳು ತುಕ್ಕು ಹಿಡಿಯುತ್ತದೆ. ಡಯಲ್ ಹೊಳೆಯಲು ಬಳಿಯುತ್ತಿದ್ದ ಟ್ರಿಟಿಯಮ್‌ನ ವಿಕಿರಣ ಹನ್ನೆರಡು ವರ್ಷ ಚಿಲ್ಲರೆಯಲ್ಲಿ ಅರ್ಧಕ್ಕಿಳಿಯುತ್ತದೆ. ಅಮೆರಿಕದ ನೌಕಾಪಡೆಗಾಗಿ ತಯಾರಾದ ಟಾರ್ನೆಕ್-ರೇವಿಲ್ ವಾಚುಗಳಲ್ಲಿದ್ದ ಪ್ರೊಮೀಥಿಯಮ್ ಇನ್ನೂ ಬೇಗ ಕ್ಷಯಿಸುತ್ತಿತ್ತು. ಕೊನೆಗೆ ಸೇನೆ ಅವುಗಳಲ್ಲಿ ಹೆಚ್ಚಿನವನ್ನು ವಿಕಿರಣದ ಕಸವೆಂದೇ ನಾಶಮಾಡಿತು. ಹೀಗಿರುವಾಗ ಯಾರೂ ಮುಟ್ಟದ ವಾಚು ಬಹುಮಟ್ಟಿಗೆ ಮೇಜಿನ ಡ್ರಾಯರಿನಲ್ಲಿ ಕೂತಿದ್ದ ವಾಚು. ಅದಕ್ಕೇ ಹೆಚ್ಚು ಬೆಲೆ ಕಟ್ಟುವವರು ಕೆಲಸ ಮಾಡಿದ್ದಕ್ಕೆ ದಂಡ ಹಾಕಿದಂತಾಯಿತು. ಬಿಸಿಲಿಗೆ ಕಪ್ಪು ಬಣ್ಣ ಕೆಟ್ಟು ಕಂದಾದ ಡಯಲ್ಲನ್ನು ‘ಟ್ರಾಪಿಕಲ್’ ಎಂದು ಮೆರೆಸುವವರೇ, ಕಾಣದಾದ ಮುಳ್ಳನ್ನು ಕಾಣುವಂತೆ ಮಾಡಿದ ರಿಪೇರಿಯನ್ನು ಕಳಂಕವೆನ್ನುತ್ತಾರೆ.

ರಿಪೇರಿಗೆ ಮಾನ್ಯತೆ ಕೊಟ್ಟರೆ ಮೋಸಕ್ಕೆ ಬಾಗಿಲು ತೆರೆದಂತೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಮೋಸ ಬೆಳೆದಿರುವುದು ಮೂಲರೂಪದ ಮೋಹದ ನೆರಳಿನಲ್ಲೇ. 2021ರಲ್ಲಿ ಜಿನೀವಾದ ಹರಾಜಿನಲ್ಲಿ ಕಂದು ಡಯಲ್ಲಿನ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ (ಡೈವಿಂಗ್ ವಾಚಲ್ಲ, ರೋಗ ಮಾತ್ರ ಅದೇ) 30 ಲಕ್ಷ ಸ್ವಿಸ್ ಫ್ರಾಂಕಿಗೂ ಮೀರಿ ಮಾರಾಟವಾಯಿತು. ಅದು ಬೇರೆಬೇರೆ ಬಿಡಿಭಾಗಗಳನ್ನು ಕೂಡಿಸಿ ಮಾಡಿದ್ದೆಂದು 2023ರಲ್ಲಿ ಒಮೆಗಾ ಕಂಪನಿಯೇ ಹೇಳಿತು. ಹಳೆಯ ಡಯಲ್ಲೊಂದಕ್ಕೇ ಅಷ್ಟು ಬೆಲೆ ಬಂದಾಗ ಒಳ್ಳೆಯ ವಾಚನ್ನೂ ಬಿಡಿಭಾಗಕ್ಕಾಗಿ ಕಳಚುವ ಆಸೆ ಹುಟ್ಟುತ್ತದೆ. ಕೇಸನ್ನು ಉಜ್ಜಿ ಪಾಲಿಶ್ ಮಾಡುವುದಕ್ಕೆ ಮಾತ್ರ ನನ್ನದೂ ವಿರೋಧವಿದೆ: ಸವೆದ ಲೋಹ ಮರಳುವುದಿಲ್ಲ, ಅಂಚುಗಳ ಗೆರೆ ಅಳಿಸಿಹೋಗುತ್ತದೆ. ಮುಳ್ಳಿನ ವಿಷಯ ಹಾಗಲ್ಲ. ಬ್ರಿಟಿಷ್ ಸೇನೆಗೆ ಕೊಟ್ಟ ಸಬ್‌ಮರೀನರ್ ಸೇವೆಯಲ್ಲಿದ್ದಾಗ ಬದಲಾದ ಮುಳ್ಳು ಬೇರೆ, ಮಾರುವ ಮುಂಚೆ ವ್ಯಾಪಾರಿ ಸಿಕ್ಕಿಸಿದ ಮುಳ್ಳು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಮ್ಮ ದೇಶದಲ್ಲಿ ಮತ್ತೆ ಬಣ್ಣ ಬಳಿದ ಸೈಕೋ ಡಯಲ್‌ಗಳ ಬಗ್ಗೆ ವಿದೇಶಿ ಸಂಗ್ರಾಹಕರಿಗಿರುವ ತಾತ್ಸಾರವನ್ನೂ ಇಲ್ಲೇ ಪರೀಕ್ಷಿಸಬೇಕು. ಅದನ್ನು ಮೂಲ ಡಯಲ್ಲೆಂದು ಹೇಳಿ ಮಾರಿದವನು ತಪ್ಪಿತಸ್ಥ. ನಿಂತ ವಾಚನ್ನು ಕಡಿಮೆ ಖರ್ಚಿನಲ್ಲಿ ಮತ್ತೆ ಕೈಗೆ ಕಟ್ಟುವಂತೆ ಮಾಡಿದ ಕುಶಲಕರ್ಮಿಯನ್ನು ಅವನ ಸಾಲಿಗೆ ಸೇರಿಸಲಾಗದು. ಹರಾಜಿನ ಕ್ಯಾಟಲಾಗಿನಲ್ಲಿ ಯಾವ ಭಾಗ, ಯಾವಾಗ, ಯಾರ ಕೈಯಲ್ಲಿ, ಯಾಕೆ ಬದಲಾಯಿತೆಂಬುದನ್ನು ತಿಳಿದಷ್ಟೂ ಅಚ್ಚು ಹಾಕಲಿ. ಕೊಳ್ಳುವವರು ಬೆಲೆ ಕಟ್ಟುವ ಮುನ್ನ ಅದನ್ನು ಓದಲಿ.