ಕಲಾಮಂದಿರಕ್ಕೆ ಹಿತ್ತಿಲು ಬೇಡವೆ?

ಊರ ನಡುವೆ ಒಂದು ಕಲಾಮಂದಿರ ಕಟ್ಟಬೇಕೆಂಬ ಮಾತು ಬಂದೊಡನೆ ನಮ್ಮ ಸಮಿತಿಗಳು ಕೇಳುವ ಮೊದಲ ಪ್ರಶ್ನೆ, ಎಷ್ಟು ಜನ ಕೂರಬಹುದು ಎಂಬುದು. ಎರಡನೆಯದು, ಮುಂಭಾಗ ಹೇಗೆ ಕಾಣಬೇಕೆಂಬುದು. ನಾಟಕದವರು ತಾಲೀಮು ನಡೆಸುವುದೆಲ್ಲಿ, ರಂಗಸಜ್ಜಿಕೆಯನ್ನು ಗಾಡಿಯಿಂದ ಇಳಿಸುವುದೆಲ್ಲಿ, ಆಟ ಮುಗಿದ ಮೇಲೆ ಪ್ರೇಕ್ಷಕ ಮನೆ ಸೇರುವುದು ಹೇಗೆ ಎಂಬ ಪ್ರಶ್ನೆಗಳು ನಕ್ಷೆ ಮುಗಿದ ಮೇಲೆ ಬರುತ್ತವೆ, ಬಾರದೆಯೂ ಇರುತ್ತವೆ.

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವನ್ನೇ ನೋಡೋಣ. 1961ರ ರವೀಂದ್ರರ ಜನ್ಮಶತಾಬ್ದಿಯ ನೆನಪಿಗೆಂದು ಯೋಜಿಸಿ 1963ರಲ್ಲಿ ಬಾಗಿಲು ತೆರೆದ ಕಟ್ಟಡ ಅದು. ಜಾಗ ಆರಿಸಿದವರನ್ನು ಮೆಚ್ಚಲೇಬೇಕು. ಸಮೀಪದಲ್ಲೇ 1935ರ ಪುರಭವನ. ಪೇಟೆಯವರೂ ಮಾರುಕಟ್ಟೆಯ ಕಡೆಯವರೂ ನಡೆದೇ ಬರಬಹುದು. ಆದರೆ ದೊಡ್ಡ ಸಭಾಂಗಣಕ್ಕೊಂದು ಸ್ವಭಾವವುಂಟು. ಅದು ನಾಟಕಕ್ಕಿಂತ ಹೆಚ್ಚಾಗಿ ಸಭೆಯನ್ನೇ ಬೇಡುತ್ತದೆ: ಹಾರ, ಶಾಲು, ಸ್ವಾಗತ, ವಂದನಾರ್ಪಣೆ. ನೂರೈವತ್ತು ಜನರನ್ನು ಕೂಡಿಸಲು ಹೆಣಗುವ ಹವ್ಯಾಸಿ ತಂಡಕ್ಕೆ ಅದು ಅಣ್ಣನ ಅಂಗಿ ತೊಟ್ಟಂತೆ.

1972ರಲ್ಲಿ ಬಿ.ವಿ. ಕಾರಂತರು 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ'ಗಳನ್ನು ಆಡಿಸಿದ್ದು ಈ ಅಂಗಣದ ಒಳಗಲ್ಲ, ಅದರ ಹಿಂದಿನ ಬಯಲಿನಲ್ಲಿ. ಕನ್ನಡ ರಂಗಭೂಮಿಯ ಚರಿತ್ರೆ ಬರೆಯುವವರಾರೂ ಆ ಮೂರು ನಾಟಕಗಳನ್ನು ದಾಟಿ ಮುಂದೆ ಹೋಗಲಾರರು. ಆ ಬಯಲಿಗೆ ಈಗ ನಾಟಕಕಾರ ಸಂಸರ ಹೆಸರಿದೆ. ಮುಂದುಗಡೆಯ ಮೆಟ್ಟಿಲುಗಳೂ ಹಾಗೆಯೆ: ಎಷ್ಟು ತಂಡಗಳು ಅಲ್ಲಿ ಕುಳಿತು ಹುಟ್ಟಿದವು, ಅಲ್ಲಿಯೇ ಜಗಳವಾಡಿ ಒಡೆದವು!

ಅದೇ ಆವರಣದ ಕನ್ನಡ ಭವನದಲ್ಲಿ 'ನಯನ' ಎಂಬ ಚಿಕ್ಕ ಸಭಾಂಗಣವಿದೆಯಲ್ಲ ಎನ್ನುವವರುಂಟು. ಇದೆ, ನಿಜ. ಆದರೆ ಅದೂ ಸಭಾಂಗಣವೇ ಹೊರತು ತಾಲೀಮಿನ ಕೋಣೆಯಲ್ಲ. ಒಂದು ಸಂಜೆಯ ಪ್ರದರ್ಶನಕ್ಕೆ ತಿಂಗಳುಗಟ್ಟಲೆ ತಾಲೀಮು ಬೇಕು. ಆ ತಿಂಗಳುಗಳಿಗೆ ಊರ ನಡುವೆ ಕಡಿಮೆ ಬಾಡಿಗೆಯ ನಾಲ್ಕು ಗೋಡೆ ಸಿಕ್ಕದಿದ್ದರೆ, ದಿನಗೂಲಿಯವನೋ ಗುಮಾಸ್ತೆಯೋ ನಟನಾಗುವುದೆಂತು? ಬಾಡಿಗೆ ತೆರಬಲ್ಲವರದೇ ರಂಗಭೂಮಿಯಾದೀತು.

ಅಳತೆಯ ವಿವೇಕ ಕಾಣಬೇಕಾದರೆ ಜೆ.ಪಿ. ನಗರದ 'ರಂಗಶಂಕರ'ಕ್ಕೆ ಹೋಗಬೇಕು. ಶಂಕರನಾಗರ ನೆನಪಿಗೆ ಅರುಂಧತಿನಾಗರು ಪಟ್ಟುಹಿಡಿದು ಕಟ್ಟಿಸಿದ, 2004ರಲ್ಲಿ ತೆರೆದ ಮನೆ. ನಟನ ಉಸಿರು ಕೊನೆಯ ಸಾಲಿಗೂ ಕೇಳುವಷ್ಟು ಚಿಕ್ಕದು. ಹೊತ್ತಾಗಿ ಬಂದವರಿಗೆ, ಅವರು ಯಾರೇ ಆಗಲಿ, ಪ್ರವೇಶವಿಲ್ಲ. (ಈ ನಿಯಮವನ್ನು ನಮ್ಮ ಉದ್ಘಾಟಕರಿಗೂ ಅನ್ವಯಿಸಿದರೆ ಅರ್ಧ ಸಮಾರಂಭಗಳು ನಡೆಯಲಾರವು.) ನಾಟಕಕ್ಕೆ ಮುಂಚೆ ತಿಂಡಿ, ಪುಸ್ತಕ, ಮಾತು. ಆದರೆ ಅದು ದಕ್ಷಿಣದ ಬಡಾವಣೆಯಲ್ಲಿದೆ, ಪೇಟೆಯವನಿಗೆ ದೂರ.

ಮುಂದೆ ಯಾವ ಊರಿನ ಸಮಿತಿಯೇ ಆಗಲಿ, ನಕ್ಷೆ ಬಿಡಿಸುವ ಮುನ್ನ ಒಂದು ಸಂಜೆ ಸಂಸ ಬಯಲಿನಲ್ಲಿ ಸುಮ್ಮನೆ ಕುಳಿತು ಬರಲಿ. ಹುಡುಗ ಹುಡುಗಿಯರು ಚಪ್ಪಲಿ ಬಿಡುವುದೆಲ್ಲಿ, ಮಳೆ ಬಂದರೆ ಓಡುವುದೆಲ್ಲಿಗೆ, ಕೊನೆಯ ಬಸ್ಸಿಗಾಗಿ ತಾಲೀಮನ್ನು ಎಷ್ಟು ಗಂಟೆಗೆ ನಿಲ್ಲಿಸುತ್ತಾರೆ, ಇಷ್ಟನ್ನು ಗುರುತು ಹಾಕಿಕೊಂಡು ಬರಲಿ. ಮುಂಭಾಗದ ಕಂಬಗಳ ವಿಚಾರ ಆಮೇಲೆ ಮಾತಾಡಬಹುದು.