ಎಂಟು ಹಾಕುವ ಪರೀಕ್ಷೆ: ಗುಣದೋಷ ವಿಚಾರ

ಓದುಬರೆಹದ ಪರೀಕ್ಷೆಗಳನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಹದಿನೆಂಟು ತುಂಬಿದ ತರುಣ ತರುಣಿಯರೂ, ನಡುವಯಸ್ಸಿಗೆ ಬಂದ ಗೃಹಸ್ಥ ಗೃಹಿಣಿಯರೂ ಸಾರಿಗೆ ಕಚೇರಿಯ ಮೈದಾನದಲ್ಲಿ ಹತ್ತಾರು ಜನರ ಕಣ್ಣೆದುರಿಗೆ ಕೊಡಬೇಕಾದ ಮೋಟಾರ್ ಸೈಕಲ್ ಪರೀಕ್ಷೆಯನ್ನು ಒಂದು ಪರೀಕ್ಷಾಪದ್ಧತಿಯೆಂದೇ ಬಗೆದು, ಅದರ ಗುಣವೇನು ದೋಷವೇನು ಎಂದು ತೂಗಿ ನೋಡಿದವರು ವಿರಳ. ತೇರ್ಗಡೆಯಾದವನು ಡಿಎಲ್ ಕೈಗೆ ಬಂದ ದಿನವೇ ಅದನ್ನು ಮರೆಯುತ್ತಾನೆ. ಮತ್ತೆ ಮತ್ತೆ ಸೋತವನು ನಾಲ್ಕು ಜನರೆದುರು ಹೇಳಿಕೊಳ್ಳಲು ಸಂಕೋಚಪಟ್ಟು ಸುಮ್ಮನಾಗುತ್ತಾನೆ. ಇಬ್ಬರ ಮೌನದ ನಡುವೆ ಪರೀಕ್ಷೆಯು ವಿಮರ್ಶೆಯ ಕೈಗೆ ಸಿಗದೆ ಉಳಿದುಕೊಂಡಿದೆ. ಅದು ಕಠಿನವಾಗಿದೆ ಎಂಬುದು ನನ್ನ ಆಕ್ಷೇಪವಲ್ಲ. ಪ್ರಾಣಕ್ಕೆ ಸಂಬಂಧಿಸಿದ ವಿದ್ಯೆಯಲ್ಲಿ ಕಾಠಿನ್ಯವು ದಯೆಯ ಒಂದು ರೂಪವೇ ಸರಿ. ನನ್ನ ಆಕ್ಷೇಪವಿರುವುದು ಅದು ಸೋತವನೊಡನೆ ಮಾತನಾಡುವುದಿಲ್ಲ ಎಂಬುದಕ್ಕೆ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಜನರ ಬಾಯಲ್ಲಿ ‘ಎಂಟು ಹಾಕುವುದು’ ಎಂದು ರೂಢಿಯಾಗಿರುವ ಈ ಕ್ರಿಯೆ, ಹೊರಗೆ ನಿಂತು ನೋಡುವವನಿಗೆ ಮಕ್ಕಳಾಟದಂತೆ ಕಂಡರೂ, ಅದರೊಳಗೆ ಅಡಗಿರುವ ಕೌಶಲಗಳು ಅಲ್ಪವಲ್ಲ. ನೆಲದ ಮೇಲೆ ಬರೆದ 8 ಅಂಕಿಯ ಎರಡು ಸುತ್ತುಗಳನ್ನು, ಕಾಲು ಊರದೆ, ಗೆರೆ ದಾಟದೆ, ಗಾಡಿ ಆಫ್ ಆಗದಂತೆ ಮುಗಿಸಬೇಕಾದರೆ, ಸವಾರನು ಮೊದಲ ಅಥವಾ ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ಪೂರ್ತಿ ಬಿಡದೆ ಪೂರ್ತಿ ಹಿಡಿಯದೆ ಅರ್ಧದಲ್ಲಿ ನಿಲ್ಲಿಸಿ, ಬಲಗೈಯ ಆಕ್ಸಿಲರೇಟರನ್ನು ಸಮನಾಗಿಟ್ಟು, ಬಲಗಾಲಿನ ಹಿಂಬ್ರೇಕನ್ನು ಒತ್ತಿಯೂ ಒತ್ತದಂತೆ ತಡವುತ್ತ, ಮುಂದಿನ ಚಕ್ರವನ್ನು ನೋಡದೆ ತಿರುವಿನ ಆಚೆಯ ಕೊನೆಯನ್ನು ನೋಡಬೇಕು. ವೇಗವಿದ್ದಾಗ ಮೋಟಾರ್ ಸೈಕಲ್ ಬಹುಮಟ್ಟಿಗೆ ತನ್ನ ಸಮತೋಲವನ್ನು ತಾನೇ ಕಾಪಾಡಿಕೊಳ್ಳುತ್ತದೆ. ವೇಗ ಕುಗ್ಗಿದಂತೆಲ್ಲ ಆ ಭಾರ ಸವಾರನ ಮೈಮೇಲೆ ಬೀಳುತ್ತದೆ, ಗಾಡಿ ಯಾವ ಕಡೆಗೆ ವಾಲಿತೋ ಆ ಕಡೆಗೆ ಹ್ಯಾಂಡಲನ್ನು ಕ್ಷಣ ತಪ್ಪದೆ ತಿರುಗಿಸಿ ಅದನ್ನು ಎತ್ತಿ ನಿಲ್ಲಿಸಬೇಕಾಗುತ್ತದೆ. ಎಡಕ್ಕೊಂದು ಬಲಕ್ಕೊಂದು ಸುತ್ತು ಇರುವುದರಿಂದ, ಒಂದೇ ಕಡೆಗೆ ಸಲೀಸಾಗಿ ತಿರುಗಬಲ್ಲವನ ಅರೆಕೌಶಲವೂ ಇಲ್ಲಿ ಬಯಲಾಗುತ್ತದೆ. ಎರಡು ಸುತ್ತುಗಳು ಕೂಡುವ ನಡುವಿನ ಆ ಒಂದು ಗಜದ ಜಾಗದಲ್ಲಿ, ಮೈಯ ವಾಲಿಕೆಯನ್ನು ಒಂದು ಪಕ್ಕದಿಂದ ಇನ್ನೊಂದಕ್ಕೆ ಬದಲಿಸುವಾಗಲೇ, ಬಹುಪಾಲು ಅಭ್ಯರ್ಥಿಗಳ ಕಾಲು ನೆಲಕ್ಕೆ ತಾಗುವುದು. ಸಂತೆಬೀದಿಯಲ್ಲಿ ಜನರ ನಡುವೆ ನಿಧಾನವಾಗಿ ನುಸುಳಬೇಕಾದವನಿಗೆ ಈ ವಿದ್ಯೆ ಬೇಡವೆಂದು ಯಾರು ಹೇಳಿಯಾರು?

ಆದರೆ ಒಂದು ಒಳ್ಳೆಯ ಪ್ರಶ್ನೆ ಇಡೀ ಪ್ರಶ್ನಪತ್ರಿಕೆಯಾಗಲಾರದು. ಈ ವಿಷಯದಲ್ಲಿ ನಮ್ಮ ಕಾನೂನು ನಮ್ಮ ಆಚರಣೆಗಿಂತ ಎಷ್ಟೋ ವಿವೇಕಯುತವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮವನ್ನು ತೆರೆದು ನೋಡಿದರೆ, ಅಭ್ಯರ್ಥಿಯು ತೋರಬೇಕಾದ ಸಾಮರ್ಥ್ಯಗಳ ಉದ್ದನೆಯ ಪಟ್ಟಿಯೇ ಅಲ್ಲಿದೆ: ಹೊರಡುವ ಮುನ್ನ ಕನ್ನಡಿಯನ್ನು ಸರಿಪಡಿಸಿಕೊಳ್ಳುವುದು, ಎಲ್ಲ ಗೇರುಗಳನ್ನೂ ಕ್ರಮವಾಗಿ ಹಾಕಿ ಸುಗಮವಾಗಿ ಸಾಗುವುದು, ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬರುವುದು, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು, ತಿರುಗುವ ಮೊದಲು ಕನ್ನಡಿ ನೋಡಿ ಸನ್ನೆ ಕೊಡುವುದು, ಇತರರನ್ನು ಅಪಾಯವಿಲ್ಲದೆ ಹಿಂದಿಕ್ಕುವುದು ಮತ್ತು ತನ್ನನ್ನು ಹಿಂದಿಕ್ಕಲು ಎಡೆಗೊಡುವುದು, ಆಪತ್ತಿನಲ್ಲಿ ಥಟ್ಟನೆ ನಿಲ್ಲಿಸುವುದು, ಪಾದಚಾರಿಗಳು ದಾಟುವ ಜಾಗದಲ್ಲಿ ಸರಿಯಾಗಿ ನಡೆದುಕೊಳ್ಳುವುದು, ಇತರರ ಮುಂದಿನ ನಡೆಯನ್ನು ಮೊದಲೇ ಊಹಿಸುವುದು. ನಿಯಮವನ್ನು ರಚಿಸಿದವರು ಸವಾರಿಯೆಂದರೆ ಯಂತ್ರದ ಮೇಲಿನ ಹಿಡಿತವಷ್ಟೇ ಅಲ್ಲ, ಬೀದಿಯಲ್ಲಿ ನಾಲ್ವರೊಡನೆ ಬಾಳುವ ಬಗೆಯೆಂದು ಬಲ್ಲವರಾಗಿದ್ದರು. ಈ ಸಮಗ್ರ ದೃಷ್ಟಿಯು ಮೈದಾನಕ್ಕೆ ಇಳಿಯುವಷ್ಟರಲ್ಲಿ ಸೊರಗಿ, ಎಷ್ಟೋ ಕಡೆಗಳಲ್ಲಿ ಒಂದು ಅಂಕಿಯ ಆಕಾರಕ್ಕೆ ಬಂದು ನಿಂತಿದೆ. ಫಲವಾಗಿ, ವರುಷಗಟ್ಟಲೆ ಹಳ್ಳಿಯಿಂದ ಪೇಟೆಗೆ ಹಾಲಿನ ಕ್ಯಾನು ಹೊತ್ತು ಎಚ್ಚರಿಕೆಯಿಂದ ಗಾಡಿ ಓಡಿಸಿದವನು ಇಲ್ಲಿ ಕಾಲೂರಿ ಸೋಲಬಹುದು. ನಾಲ್ಕು ಮುಂಜಾನೆ ಖಾಲಿ ಬಯಲಿನಲ್ಲಿ ಎಂಟನ್ನಷ್ಟೇ ಅಭ್ಯಾಸ ಮಾಡಿ, ಅಡ್ಡರಸ್ತೆಯಲ್ಲಿ ಯಾರಿಗೆ ದಾರಿ ಬಿಡಬೇಕೆಂದು ತಿಳಿಯದವನು ಗೆಲ್ಲಬಹುದು. ಇಬ್ಬರ ವಿಷಯದಲ್ಲಿಯೂ ಪರೀಕ್ಷೆ ತಪ್ಪು ತೀರ್ಪನ್ನೇ ಕೊಟ್ಟಂತಾಯಿತು.

ಇದಕ್ಕಿಂತಲೂ ಗಹನವಾದ ದೋಷ ಇನ್ನೊಂದುಂಟು. ನನ್ನ ಅಕ್ಕನ ಮಗಳೊಡನೆ ಒಂದು ಬೆಳಗ್ಗೆ ಇಂಥ ಮೈದಾನಕ್ಕೆ ನಾನು ಹೋಗಿದ್ದೆ. ಅದು ಅವಳ ಮೊದಲ ಪ್ರಯತ್ನವಾಗಿರಲಿಲ್ಲ. ಚಿಕ್ಕಪ್ಪನಿಂದ ಬೇಡಿ ತಂದ, ತನ್ನ ಎತ್ತರಕ್ಕೆ ತುಸು ಹೆಚ್ಚೇ ಆದ ಗೇರಿನ ಗಾಡಿಯಲ್ಲಿ ಅವಳು ಮೊದಲ ಸುತ್ತನ್ನು ಅಚ್ಚುಕಟ್ಟಾಗಿ ಮುಗಿಸಿ, ಎರಡನೆಯದರ ಬಾಯಿಯಲ್ಲಿ ಹ್ಯಾಂಡಲ್ ಬಿಗಿಯಾದಂತಾಗಿ, ಕ್ಲಚ್ ಬಿಟ್ಟುಹೋಗಿ, ಎಡಗಾಲನ್ನು ಊರಿದಳು. ಪರೀಕ್ಷೆ ನಡೆಸುತ್ತಿದ್ದ ಬ್ರೇಕ್ ಇನ್‌ಸ್ಪೆಕ್ಟರು ಹಾಳೆಯ ಮೇಲೆ ಗುರುತು ಹಾಕಿದರು. ಅವಳು ಗಾಡಿಯನ್ನು ಸ್ಟ್ಯಾಂಡ್ ಹಾಕಿ ಹತ್ತಿರ ಹೋಗಿ, “ಸರ್, ಎಲ್ಲಿ ತಪ್ಪಾಯ್ತು ಅಂತ ಹೇಳ್ತೀರಾ?” ಎಂದು ಕೇಳಿದಳು. “ಇನ್ನೂ ಪ್ರಾಕ್ಟೀಸ್ ಬೇಕಮ್ಮ, ಮುಂದಿನ ಸಲ ಬನ್ನಿ” ಎಂದರು ಅವರು, ಗದರಿಕೆಯಿಂದಲ್ಲ, ಸೌಮ್ಯವಾಗಿಯೇ. ಅವರ ಹಿಂದೆ ಇನ್ನೂ ಎಷ್ಟೋ ಜನರ ಸಾಲು ಬಿಸಿಲಿನಲ್ಲಿ ಕಾದಿತ್ತು. ಹಿಂದಿರುಗುವ ದಾರಿಯಲ್ಲಿ ಅವಳು ಆಡಿದ ಮಾತು ನನಗೆ ಈ ಲೇಖನದ ಬೀಜವಾಯಿತು: “ಮಾಮ, ಕಾಲೂರಿದ್ದು ನನಗೂ ಗೊತ್ತು. ಯಾಕೆ ಊರಿದೆ ಅಂತ ಯಾರಾದ್ರೂ ಹೇಳಿದ್ರೆ ತಾನೆ ತಿದ್ದಿಕೊಳ್ಳೋದು?”

ಪರೀಕ್ಷಕರಿಗೆ ಕಂಡದ್ದು ಪರಿಣಾಮ. ಅವಳಿಗೆ ಬೇಕಾಗಿದ್ದುದು ಕಾರಣ. ಕಾಲೂರುವುದಕ್ಕೆ ಕಾರಣಗಳು ಹಲವು. ದೃಷ್ಟಿ ಮುಂಚಕ್ರದ ಬುಡಕ್ಕೆ ಇಳಿದಿರಬಹುದು. ಭುಜ ಸೆಟೆದು ಹ್ಯಾಂಡಲನ್ನು ಬಿಗಿಹಿಡಿದಿರಬಹುದು. ತಿರುವಿನ ನಡುವೆ ಮುಂಬ್ರೇಕು ಒತ್ತಿದ್ದರಿಂದ ಗಾಡಿ ಒಳಕ್ಕೆ ಕುಸಿದಿರಬಹುದು. ಆಸನದ ಎತ್ತರವು ಕಾಲಿನ ಅಳತೆಗೆ ಒಗ್ಗದಿರಬಹುದು. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಪರಿಹಾರವಿದೆ. ಯಾವುದೆಂದು ತಿಳಿಯದವನು ಮಾಡುವ ಅಭ್ಯಾಸವು, ರೋಗ ತಿಳಿಯದೆ ಕುಡಿದ ಔಷಧದಂತೆ, ಎಷ್ಟು ಹೆಚ್ಚಿದರೂ ಗುಣ ಕಾಣಿಸದು. ಹಲವೊಮ್ಮೆ ತಪ್ಪೇ ರೂಢಿಯಾಗಿ ಮೈಗೂಡುತ್ತದೆ. ಪುನಃ ಪುನಃ ಅನುತ್ತೀರ್ಣನಾಗುವವನ ಹತಾಶೆಯ ಮೂಲವನ್ನು ನಾನು ಇಲ್ಲಿ ಕಾಣುತ್ತೇನೆ. ಸೋಲು ಮನುಷ್ಯನನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ. ಅರ್ಥವಾಗದ ಸೋಲು ಕುಗ್ಗಿಸುತ್ತದೆ. ಮೊದಲ ಸಲ ಅವನು ತನ್ನ ಅಭ್ಯಾಸವನ್ನು ಶಂಕಿಸುತ್ತಾನೆ, ಎರಡನೆಯ ಸಲ ಗಾಡಿಯನ್ನು, ಮೂರನೆಯ ಸಲ ಪರೀಕ್ಷಕನ ನಿಷ್ಪಕ್ಷಪಾತವನ್ನು, ಕಡೆಗೆ ತನ್ನ ಬುದ್ಧಿಯನ್ನೇ. ಭಯದಿಂದ ಮೈ ಸೆಟೆಯುತ್ತದೆ, ಸೆಟೆದ ಮೈಯಿಂದ ಗಾಡಿ ತಿರುಗದು, ತಿರುಗದ ಗಾಡಿಯಿಂದ ಭಯ ಇಮ್ಮಡಿಯಾಗುತ್ತದೆ. ಹೀಗೆ ಪ್ರತಿಯೊಂದು ಸೋಲೂ ಮುಂದಿನ ಸೋಲಿಗೆ ಕಾರಣವನ್ನು ತಾನೇ ಒದಗಿಸುತ್ತದೆ.

ಶಾಸನವು ಸೋತವನನ್ನು ಪೂರ್ತಿಯಾಗಿ ಮರೆತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 9ನೆಯ ಪ್ರಕರಣದಂತೆ, ಅನುತ್ತೀರ್ಣನಾದವನು 7 ದಿನಗಳ ತರುವಾಯ ಮತ್ತೆ ಬರಬಹುದು. ಮೂರು ಸಲವೂ ಸೋತರೆ 60 ದಿನ ಕಾಯಬೇಕು. 2019ರ ತಿದ್ದುಪಡಿಯು ಹಾಗೆ ಮೂರು ಸಲ ಸೋತವನಿಗೆ ಚಾಲನಾಶಾಲೆಯೊಂದರಲ್ಲಿ ಪರಿಹಾರಶಿಕ್ಷಣವನ್ನೂ ವಿಧಿಸಿತು. ಉದ್ದೇಶ ಶ್ಲಾಘ್ಯವಾದುದು, ಆದರೆ ತಿದ್ದುವ ಮಾತು ಬರಬೇಕಾಗಿದ್ದುದು ಮೊದಲನೆಯ ಸೋಲಿನ ಮರುಗಳಿಗೆಯಲ್ಲಿ, ಮೂರನೆಯ ಸೋಲಿನ ಅನಂತರವಲ್ಲ. ಎಲ್‌ಎಲ್ ಎಂಬ ಕಲಿಯುವವರ ಪರವಾನಗಿ ನಡೆಯುವುದು 6 ತಿಂಗಳು. ಅದರಲ್ಲಿ ಮೊದಲ 30 ದಿನ ಪರೀಕ್ಷೆಗೆ ಬರುವಂತಿಲ್ಲ. ಉಳಿದ ಅವಧಿಯಲ್ಲಿ ದಿನ ಗೊತ್ತುಮಾಡಿಕೊಂಡು, ಕೂಲಿಯನ್ನೋ ತರಗತಿಯನ್ನೋ ಬಿಟ್ಟು ಬಂದು ನಿಲ್ಲಬೇಕು. ಬಾಡಿಗೆಗೆ ಗಾಡಿ ತಂದವನಿಗೆ ಪ್ರತಿ ಸೋಲಿಗೂ ಒಂದು ದಿನದ ಸಂಪಾದನೆ ನಷ್ಟವಾಗುತ್ತದೆ. ಬೇಸತ್ತವನ ಮುಂದೆ ಎರಡು ಅಡ್ಡದಾರಿಗಳು ತೆರೆದುಕೊಳ್ಳುತ್ತವೆ: ಮಧ್ಯವರ್ತಿಯ ಮೊರೆಹೋಗುವುದು, ಇಲ್ಲವೆ ಡಿಎಲ್ಲಿನ ಗೊಡವೆಯೇ ಬೇಡವೆಂದು ಹಾಗೆಯೇ ಓಡಿಸುವುದು. ಎರಡರಿಂದಲೂ ಬೀದಿಗೆ ಕೇಡು.

ಕಾಠಿನ್ಯವೂ ಸ್ಪಷ್ಟತೆಯೂ ಒಂದೆಡೆ ಇರಬಲ್ಲವೆಂಬುದಕ್ಕೆ ಅನ್ಯದೇಶಗಳ ನಿದರ್ಶನವುಂಟು. ಜಪಾನಿನ ಪರೀಕ್ಷೆಯಲ್ಲಿ 15 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರದ ಕಿರಿದಾದ ಕಟ್ಟೆಯೊಂದರ ಮೇಲೆ ಮೋಟಾರ್ ಸೈಕಲನ್ನು ನಿಧಾನವಾಗಿ ನಡೆಸಬೇಕು. ಬೇಗ ದಾಟಿದವನು ಅಂಕ ಕಳೆದುಕೊಳ್ಳುತ್ತಾನೆ, ಉರುಳಿ ಕೆಳಗಿಳಿದವನ ಪರೀಕ್ಷೆ ಅಲ್ಲಿಗೇ ಮುಗಿಯಿತು. ಸಾಮಾನ್ಯ ಗಾಡಿಗೆ 7 ಸೆಕೆಂಡು, 400 ಸಿಸಿಗೆ ಮೀರಿದ ದೊಡ್ಡ ಗಾಡಿಗೆ 10 ಸೆಕೆಂಡು ಕಟ್ಟೆಯ ಮೇಲಿರಬೇಕೆಂಬುದು ಲೆಕ್ಕ. ಈ ಕ್ರಮ ನಮ್ಮ ಎಂಟಿಗಿಂತ ಕ್ರೂರವೆಂದೇ ಹೇಳಬಹುದು. ಆದರೆ ಎಷ್ಟು ಕಾಲ, ಎಷ್ಟು ಅಗಲ, 100ರಲ್ಲಿ 70 ಅಂಕ ಉಳಿಸಿಕೊಳ್ಳಬೇಕೆಂಬ ಮಿತಿ, ಎಲ್ಲವೂ ಅಭ್ಯರ್ಥಿಗೆ ಮುಂಚಿತವಾಗಿ ಗೊತ್ತು. ಆ ದೇಶವೂ ತಪ್ಪು ದಾರಿಯಲ್ಲಿ ನಡೆದು ತಿದ್ದಿಕೊಂಡದ್ದುಂಟು. 1975ರಿಂದ 1996ರವರೆಗೆ ದೊಡ್ಡ ಗಾಡಿಯ ಪರವಾನಗಿಯನ್ನು ಪರೀಕ್ಷಾಕೇಂದ್ರದಲ್ಲಿ ನೇರವಾಗಿ ಗೆದ್ದೇ ಪಡೆಯಬೇಕಾಗಿತ್ತು. ಕಲಿಸುವವರಿಲ್ಲದೆ ಸೋತು ಸೋತು ಮರಳಿ ಬರುವುದು ಅಲ್ಲಿಯ ಸವಾರರ ಒಂದು ತಲೆಮಾರಿನ ಅನುಭವವೇ ಆಗಿಹೋಯಿತು. 1996ರಲ್ಲಿ ಚಾಲನಾಶಾಲೆಗಳಲ್ಲಿಯೇ ಕಲಿತು ಅಲ್ಲಿಯೇ ಕೌಶಲಪರೀಕ್ಷೆ ಮುಗಿಸುವ ಮಾರ್ಗವನ್ನು ತೆರೆದರು. ಕಟ್ಟೆಯ ಅಗಲವನ್ನು ಹಿಗ್ಗಿಸಲಿಲ್ಲ. ಕಲಿಕೆಯ ಬಾಗಿಲನ್ನು ಹಿಗ್ಗಿಸಿದರು.

ಬ್ರಿಟನ್ನಿನಲ್ಲಿ 2009ರಿಂದ ಪರೀಕ್ಷೆಯನ್ನು ಎರಡು ಭಾಗ ಮಾಡಿದ್ದಾರೆ. ಮೊದಲನೆಯದು ಮುಚ್ಚಿದ ಮೈದಾನದಲ್ಲಿ. ಅಲ್ಲಿಯೂ ಎಂಟು ಇದೆ, ಆದರೆ ಅದರ ಜೊತೆಗೆ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಥಟ್ಟನೆ ನಿಲ್ಲಿಸುವುದೂ, ಅದೇ ವೇಗದಲ್ಲಿ ಅಡ್ಡಿಯನ್ನು ತಪ್ಪಿಸಿ ಹಾಯುವುದೂ ಇವೆ. ಎರಡನೆಯದು ನಿಜವಾದ ರಸ್ತೆಯ ಮೇಲೆ, ಪರೀಕ್ಷಕನು ಹಿಂಬಾಲಿಸುತ್ತಿರುವಾಗ. ಸಣ್ಣ ತಪ್ಪುಗಳನ್ನು ಮೊದಲ ಭಾಗದಲ್ಲಿ 5ರವರೆಗೆ, ಎರಡನೆಯದರಲ್ಲಿ 10ರವರೆಗೆ ಮನ್ನಿಸುತ್ತಾರೆ. ಗಂಭೀರವಾದ ತಪ್ಪು ಒಂದೇ ಆದರೂ ಸೋಲು ಖಂಡಿತ. ಮುಗಿದ ಮೇಲೆ ಯಾವ ತಪ್ಪು ಎಲ್ಲಿ ಆಯಿತೆಂಬುದನ್ನು ಪರೀಕ್ಷಕನು ತಿಳಿಸುತ್ತಾನೆ. ಸೋತವನು ಮನೆಗೆ ಒಯ್ಯುವುದು ಅವಮಾನವನ್ನಷ್ಟೇ ಅಲ್ಲ, ಮುಂದಿನ ಅಭ್ಯಾಸದ ಪಾಠಪಟ್ಟಿಯನ್ನೂ.

ನಮ್ಮಲ್ಲಿಯೂ ಸುಧಾರಣೆ ನಡೆಯುತ್ತಿಲ್ಲವೆಂದಲ್ಲ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಇರುವಂಥ ಸ್ವಯಂಚಾಲಿತ ಪರೀಕ್ಷಾಪಥಗಳಲ್ಲಿ ಕ್ಯಾಮರಾಗಳೂ ಸೆನ್ಸರ್‌ಗಳೂ ತಪ್ಪನ್ನು ಗುರುತಿಸುತ್ತವೆ. ಯಂತ್ರಕ್ಕೆ ಪರಿಚಯವಿಲ್ಲ, ದಾಕ್ಷಿಣ್ಯವಿಲ್ಲ, ಆಮಿಷವಿಲ್ಲ. ಪಕ್ಷಪಾತದ ಸಂಶಯವನ್ನು ಹೋಗಲಾಡಿಸುವುದು ಸಣ್ಣ ಉಪಕಾರವಲ್ಲ, ಅದನ್ನು ಮನಸಾರೆ ಸ್ವಾಗತಿಸಬೇಕು. ಆದರೆ ಗೆರೆ ದಾಟಿತೆಂದು ಹೇಳಬಲ್ಲ ಯಂತ್ರ, ಸವಾರನ ಕಣ್ಣು ಎಲ್ಲಿತ್ತು, ಭುಜ ಏಕೆ ಸೆಟೆಯಿತು ಎಂದು ಹೇಳಲಾರದು. ಅಲ್ಲಿ ದಾಖಲಾದ ಚಿತ್ರವನ್ನು ಅಭ್ಯರ್ಥಿಗೇ ತೋರಿಸಿ, ಬಲ್ಲವರೊಬ್ಬರು ಎರಡು ಮಾತು ಹೇಳುವ ಏರ್ಪಾಡು ಸೇರಿದರೆ ಮಾತ್ರ ಯಂತ್ರದ ನಿಷ್ಪಕ್ಷಪಾತವೂ ಮನುಷ್ಯನ ತಿಳಿವಳಿಕೆಯೂ ಕೂಡಿದಂತಾಗುತ್ತದೆ.

ಇಷ್ಟೆಲ್ಲ ಹೇಳಿದಾಗ, ‘ಹಾಗಾದರೆ ಎಲ್ಲರನ್ನೂ ತೇರ್ಗಡೆ ಮಾಡಿಬಿಡೋಣವೆ?’ ಎಂದು ಕೇಳುವವರಿದ್ದಾರೆ. ಎಂದಿಗೂ ಕೂಡದು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರೆಂದೂ, ಅವರಲ್ಲಿ ಶೇಕಡಾ 44ಕ್ಕೂ ಮಿಕ್ಕವರು ದ್ವಿಚಕ್ರ ವಾಹನಗಳ ಮೇಲಿದ್ದವರೆಂದೂ ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅನರ್ಹನಿಗೆ ಕೊಟ್ಟ ಪರವಾನಗಿಯಿಂದ ಕೆಡುಕಾಗುವುದು ಅವನೊಬ್ಬನಿಗೇ ಅಲ್ಲ, ಹಿಂದಿನ ಸೀಟಿನಲ್ಲಿ ಮಗುವನ್ನೆತ್ತಿ ಕುಳಿತವಳಿಗೂ, ರಸ್ತೆ ದಾಟುವ ಮುದುಕನಿಗೂ. ಪರೀಕ್ಷೆಯ ವ್ಯಾಪ್ತಿ ಹಿಗ್ಗಬೇಕೆಂದು ನಾನು ಕೇಳುವುದು ಈ ಕಾರಣಕ್ಕಾಗಿಯೇ: ಎಂಟಿನ ಜೊತೆಗೆ ಥಟ್ಟನೆ ನಿಲ್ಲಿಸುವುದನ್ನೂ, ಕನ್ನಡಿ ನೋಡಿ ಸನ್ನೆ ಕೊಟ್ಟು ತಿರುಗುವುದನ್ನೂ, ಅಡ್ಡರಸ್ತೆಯ ನಡವಳಿಕೆಯನ್ನೂ, ಅಂದರೆ ನಿಯಮದಲ್ಲಿ ಈಗಾಗಲೇ ಬರೆದಿರುವುದನ್ನು, ನಿಜವಾಗಿ ಪರೀಕ್ಷಿಸಿದರೆ ಸೋಲುವವರ ಸಂಖ್ಯೆ ಹೆಚ್ಚಿದರೂ ಹೆಚ್ಚಲಿ. ಅದರ ಜೊತೆಯಲ್ಲಿ ಮೂರು ಕರ್ತವ್ಯಗಳು ಸಲ್ಲಬೇಕು. ಪರೀಕ್ಷಾಪಥದ ಅಳತೆಯನ್ನೂ ತಪ್ಪುಗಳ ಲೆಕ್ಕವನ್ನೂ ಮೈದಾನದ ಬಾಗಿಲಲ್ಲಿಯೇ ಕನ್ನಡದಲ್ಲಿ ಬರೆದು ತೂಗುಹಾಕಬೇಕು. ಅದೇ ಅಳತೆಯ ಪಥದಲ್ಲಿ ಅಭ್ಯಾಸ ಮಾಡಲು, ಗಾಡಿಯಿಲ್ಲದ ಬಡವನಿಗೂ ಎತ್ತರ ಕಡಮೆಯಿರುವ ಹೆಣ್ಣುಮಕ್ಕಳಿಗೂ ಒಗ್ಗುವ ಗಾಡಿಗಳ ಸಮೇತ, ತಾಲ್ಲೂಕಿಗೊಂದು ತಾಣವಿರಬೇಕು. ಸೋತ ಪ್ರತಿಯೊಬ್ಬನ ಕೈಗೂ ಅವನ ತಪ್ಪು ಯಾವುದು, ಅದಕ್ಕೆ ತೋರುವ ಕಾರಣವೇನು ಎಂದು ಬರೆದ ಒಂದು ಚೀಟಿಯನ್ನು ಕೊಡಬೇಕು.

ಈ ಮೂರರಲ್ಲಿ ಮೊದಲೆರಡಕ್ಕೆ ಹಣ ಬೇಕು, ಕಾಲ ಬೇಕು. ಮೂರನೆಯದಕ್ಕೆ ಒಂದು ಹಾಳೆ ಮತ್ತು ಅರ್ಧ ನಿಮಿಷ ಸಾಕು. ಸಾಲು ಉದ್ದವಿದೆ, ಇನ್‌ಸ್ಪೆಕ್ಟರುಗಳು ಕಡಮೆಯಿದ್ದಾರೆ ಎಂಬ ಸಮಾಧಾನ ಸತ್ಯವೇ ಆದರೂ ಪೂರ್ಣಸತ್ಯವಲ್ಲ. ಕಾರಣ ತಿಳಿಯದವನು ಅದೇ ತಪ್ಪನ್ನು ಹೊತ್ತುಕೊಂಡು ಅದೇ ಸಾಲಿಗೆ ಮರಳಿ ಬರುವುದರಿಂದಲೇ ಆ ಸಾಲಿನ ಉದ್ದ ಅಷ್ಟಿಷ್ಟು ಬೆಳೆದಿರುವುದು. ಯೋಗ್ಯನನ್ನು ಅಯೋಗ್ಯನಿಂದ ಬೇರ್ಪಡಿಸುವ ಕೆಲಸವನ್ನು ನಮ್ಮ ಪರೀಕ್ಷೆ ಒಂದು ಮಟ್ಟಿಗೆ ಮಾಡುತ್ತಿದೆ. ಅಯೋಗ್ಯನನ್ನು ಯೋಗ್ಯನನ್ನಾಗಿ ಮಾಡುವ ಕೆಲಸವನ್ನು ಅದು ಇನ್ನೂ ಕೈಗೆತ್ತಿಕೊಂಡಿಲ್ಲ. ಬೀದಿಯ ಕ್ಷೇಮ ನಿಂತಿರುವುದು ಹೆಚ್ಚಾಗಿ ಆ ಎರಡನೆಯ ಕೆಲಸದ ಮೇಲೆ, ಏಕೆಂದರೆ ಸೋತವನು ಮೈದಾನದಿಂದ ಹೊರಬಿದ್ದರೂ ಬೀದಿಯಿಂದ ಹೊರಬೀಳುವುದಿಲ್ಲ.